ಗುಸ್ತಾವ್ ಹೋಲ್ಸ್ಟ್

ಗುಸ್ತಾವ್ ಹೋಲ್ಸ್ಟ್ (ಸೆಪ್ಟೆಂಬರ್ 21, 1874 – ಮೇ 25, 1934) ಇಂಗ್ಲೆಂಡಿನ ಸಂಗೀತ ಸಂಯೋಜಕರು ಮತ್ತು ಶಿಕ್ಷಕರು. ಆರ್ಕೆಸ್ಟ್ರಾಕ್ಕಾಗಿ ರಚಿಸಿದ 'ದಿ ಪ್ಲಾನೆಟ್ಸ್' ಅವರ ಅತ್ಯಂತ ಪ್ರಸಿದ್ಧ ಕೃತಿ. ಊದುವಾದ್ಯ ಮತ್ತು ತಾಳವಾದ್ಯಗಳಷ್ಟೇ ಇರುವ ಮಿಲಿಟರಿ ಬ್ಯಾಂಡಿಗೆ ಅವರು ಬರೆದ ಮೂರು ಕೃತಿಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಆ ಪ್ರಕಾರದ ದಿಕ್ಕನ್ನೇ ಬದಲಿಸಿದವು.

ಜೀವನ

ಹೋಲ್ಸ್ಟ್ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. ತಂದೆ ಅಡಾಲ್ಫ್ ಪಿಯಾನೋ ಮತ್ತು ಆರ್ಗನ್ ವಾದಕರು. ಮಗನೂ ಪಿಯಾನೋ ವಾದಕನಾಗಬೇಕೆಂಬ ತಂದೆಯ ಆಸೆಗೆ ಬಲಗೈಯ ನರಬೇನೆ ಅಡ್ಡಿಯಾಯಿತು. ಉಬ್ಬಸಕ್ಕೆ ಒಳ್ಳೆಯದೆಂದು ಅವರಿಗೆ ಟ್ರೊಂಬೋನ್ ಕಲಿಸಲಾಯಿತು. 1893ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿ ಚಾರ್ಲ್ಸ್ ಸ್ಟ್ಯಾನ್‌ಫೋರ್ಡ್ ಅವರಲ್ಲಿ ಸಂಯೋಜನೆ ಅಭ್ಯಸಿಸಿದರು. ಅಲ್ಲಿ ಪರಿಚಯವಾದ ರಾಲ್ಫ್ ವಾನ್ ವಿಲಿಯಮ್ಸ್ ಜೀವನಪರ್ಯಂತ ಗೆಳೆಯರಾಗಿ ಉಳಿದರು. ಮುಂದೆ ಹೋಲ್ಸ್ಟ್ ಒಪೆರಾ ಕಂಪನಿಯಲ್ಲಿಯೂ, ಕಡಲತೀರದ ಊರುಗಳಲ್ಲಿ ಲಘುಸಂಗೀತ ನುಡಿಸುವ ಬ್ಯಾಂಡಿನಲ್ಲಿಯೂ ಟ್ರೊಂಬೋನ್ ನುಡಿಸಿ ಜೀವನ ಸಾಗಿಸಿದರು. ಊದುವವರ ಉಸಿರಿನ ಮಿತಿಯನ್ನೂ ಸಾಮರ್ಥ್ಯವನ್ನೂ ಅವರು ಅರಿತದ್ದು ಪುಸ್ತಕದಿಂದಲ್ಲ.

1905ರಿಂದ ಕೊನೆಯವರೆಗೂ ಅವರು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿದ್ದ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ ಸಂಗೀತ ಕಲಿಸಿದರು. ಸಂಯೋಜನೆಗೆ ಸಿಗುತ್ತಿದ್ದುದು ವಾರಾಂತ್ಯ ಮತ್ತು ರಜೆಯ ದಿನಗಳು ಮಾತ್ರ.

ಭಾರತೀಯ ಸಾಹಿತ್ಯದ ಪ್ರಭಾವ

ಇಂಗ್ಲಿಷ್ ಅನುವಾದಗಳು ತೃಪ್ತಿ ನೀಡದಿದ್ದಾಗ ಹೋಲ್ಸ್ಟ್ ಸಂಸ್ಕೃತವನ್ನೇ ಕಲಿಯತೊಡಗಿದರು. ನಿಘಂಟಿನ ನೆರವಿನಿಂದ ತಾವೇ ಅನುವಾದಿಸಿದ ಋಗ್ವೇದದ ಸೂಕ್ತಗಳಿಗೆ ಸಂಗೀತ ಅಳವಡಿಸಿದರು. ಮಹಾಭಾರತದ ಉಪಾಖ್ಯಾನವನ್ನು ಆಧರಿಸಿದ ಏಕಾಂಕ ಒಪೆರಾ 'ಸಾವಿತ್ರಿ', ಕಾಳಿದಾಸನ ಮೇಘದೂತವನ್ನು ಆಧರಿಸಿದ 'ದಿ ಕ್ಲೌಡ್ ಮೆಸೆಂಜರ್' ಇದೇ ಕಾಲದವು.

ಬ್ಯಾಂಡ್ ಕೃತಿಗಳು

ಆಗಿನ ಮಿಲಿಟರಿ ಬ್ಯಾಂಡುಗಳು ಹೆಚ್ಚಾಗಿ ಮಾರ್ಚ್‌ಗಳನ್ನೂ ಒಪೆರಾ, ಆರ್ಕೆಸ್ಟ್ರಾಗಳಿಂದ ಅಳವಡಿಸಿಕೊಂಡ ಸಂಗೀತವನ್ನೂ ನುಡಿಸುತ್ತಿದ್ದವು. ಪಿಟೀಲಿನ ಪಾಲನ್ನು ಕ್ಲಾರಿನೆಟ್ ವಹಿಸಿಕೊಳ್ಳುವ ಈ ಎರವಲು ಸಂಗೀತಕ್ಕೆ ಬದಲಾಗಿ ಹೋಲ್ಸ್ಟ್ 1909ರಲ್ಲಿ ಇ-ಫ್ಲ್ಯಾಟ್‌ನ ಮೊದಲ ಸೂಟ್ ಬರೆದರು. ಚಾಕೋನ್, ಇಂಟರ್ಮೆಝೋ, ಮಾರ್ಚ್ ಎಂಬ ಮೂರು ಭಾಗಗಳ ಈ ಕೃತಿ ಮಂದ್ರಸ್ವರದ ವಾದ್ಯಗಳು ನುಡಿಸುವ ಎಂಟು ಮಾತ್ರೆಗಣಗಳ ಒಂದು ರಾಗಖಂಡದಿಂದ ಆರಂಭವಾಗುತ್ತದೆ. ಉಳಿದ ಭಾಗಗಳೂ ಅದೇ ಬೀಜದಿಂದ ಬೆಳೆಯುವುದರಿಂದ, ಮೂರನ್ನೂ ನಡುವೆ ನಿಲ್ಲಿಸದೆ ನುಡಿಸಬೇಕೆಂಬುದು ಸಂಯೋಜಕರ ಅಪೇಕ್ಷೆ. ಇದರ ದಾಖಲಾದ ಮೊದಲ ಪ್ರದರ್ಶನ ನಡೆದದ್ದು ಹನ್ನೊಂದು ವರ್ಷಗಳ ನಂತರ, 1920ರಲ್ಲಿ, ನೆಲರ್ ಹಾಲ್‌ನ ರಾಯಲ್ ಮಿಲಿಟರಿ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ.

1911ರ ಎಫ್‌ನ ಎರಡನೆಯ ಸೂಟ್ ಹೆಚ್ಚಾಗಿ ಹ್ಯಾಂಪ್‌ಶೈರ್‌ನಲ್ಲಿ ಸಂಗ್ರಹಿಸಲಾದ ಜನಪದ ಗೀತೆಗಳನ್ನು ಆಧರಿಸಿದೆ. ಕಮ್ಮಾರನ ಹಾಡಿನ ಭಾಗದಲ್ಲಿ ಅಡಿಗಲ್ಲಿನ ಬಡಿತವೇ ವಾದ್ಯವಾಗಿದೆ. ಕೊನೆಯ ಭಾಗದಲ್ಲಿ ಎಡೆಬಿಡದೆ ಸುತ್ತುವ ಹಳೆಯ ನೃತ್ಯಧಾಟಿಯ ಮೇಲೆ 'ಗ್ರೀನ್‌ಸ್ಲೀವ್ಸ್' ಬಂದು ಸೇರುತ್ತದೆ. ಈ ಭಾಗವನ್ನು ಹೋಲ್ಸ್ಟ್ ತಮ್ಮ ಶಾಲೆಯ ತಂತಿವಾದ್ಯಗಳಿಗಾಗಿ ಬರೆದ 'ಸೇಂಟ್ ಪಾಲ್ಸ್ ಸೂಟ್'ಗೂ ಅಳವಡಿಸಿಕೊಂಡರು.

ಬಿಬಿಸಿ ಮಿಲಿಟರಿ ಬ್ಯಾಂಡಿನ ಕೋರಿಕೆಯಂತೆ 1930ರಲ್ಲಿ ರಚಿಸಿದ 'ಹ್ಯಾಮರ್‌ಸ್ಮಿತ್' ಇವೆರಡಕ್ಕಿಂತ ಗಂಭೀರವೂ ಕ್ಲಿಷ್ಟವೂ ಆದ ಕೃತಿ. ಥೇಮ್ಸ್ ನದಿಯ ನಿಧಾನಗತಿ ಮಂದ್ರಸ್ವರಗಳಲ್ಲಿ ಸಾಗುತ್ತಿದ್ದರೆ, ಅದರ ಪರಿವೆಯಿಲ್ಲದ ಬೀದಿಯ ಗದ್ದಲ ಮೇಲೆ ಎದ್ದು ಅಡಗುತ್ತದೆ. ಕೋರಿದ ಬ್ಯಾಂಡ್ ಇದನ್ನು ಸಾರ್ವಜನಿಕವಾಗಿ ನುಡಿಸಲಿಲ್ಲ. ಆರ್ಕೆಸ್ಟ್ರಾ ರೂಪ 1931ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ಬ್ಯಾಂಡ್ ರೂಪವನ್ನು ಮೊದಲು ನುಡಿಸಿದ್ದು ಅಮೆರಿಕದ ಮರೀನ್ ಬ್ಯಾಂಡ್, 1932ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ. ಆ ವಸಂತದಲ್ಲಿ ಹೋಲ್ಸ್ಟ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಿಸಲು ಅಮೆರಿಕಕ್ಕೆ ಬಂದಿದ್ದರೂ ತೀವ್ರ ಅಸ್ವಸ್ಥರಾಗಿದ್ದರು.

ಕೊನೆಯ ವರ್ಷಗಳು

1918ರ ನಂತರ 'ದಿ ಪ್ಲಾನೆಟ್ಸ್' ತಂದ ಖ್ಯಾತಿ ಅವರಿಗೆ ಹಿತವೆನಿಸಲಿಲ್ಲ. 1923ರಲ್ಲಿ ವೇದಿಕೆಯಿಂದ ಬಿದ್ದು ತಲೆಗೆ ಪೆಟ್ಟಾದ ಬಳಿಕ ಆರೋಗ್ಯ ಕುಂದಿತು. 1934ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಲಂಡನ್ನಿನಲ್ಲಿ ನಿಧನರಾದರು. ಚಿತಾಭಸ್ಮವನ್ನು ಚಿಚೆಸ್ಟರ್ ಕೆಥೆಡ್ರಲ್‌ನಲ್ಲಿ ಇರಿಸಲಾಗಿದೆ.

ಮೊದಲ ಸೂಟಿನ ಪೂರ್ಣ ಸ್ವರಲಿಪಿ ಅಚ್ಚಾದದ್ದು 1948ರಲ್ಲಿ. ಅಲ್ಲಿಯವರೆಗೆ ನಿರ್ವಾಹಕರು ಸಂಕ್ಷಿಪ್ತ ಪ್ರತಿಯನ್ನೇ ಅವಲಂಬಿಸಬೇಕಾಗಿತ್ತು. ಮೂಲ ಹಸ್ತಪ್ರತಿಯನ್ನು ಆಧರಿಸಿ ಕಾಲಿನ್ ಮ್ಯಾಥ್ಯೂಸ್ ಪರಿಷ್ಕರಿಸಿದ ಆವೃತ್ತಿ 1984ರಲ್ಲಿ ಪ್ರಕಟವಾಯಿತು.