ಡಾ. ಕ್ಲೆಮೆನ್ಸ್ ಫಾನ್ ಪಿರ್ಕೆ (1874–1929): ಅಲರ್ಜಿ ಎಂಬ ಪದವನ್ನು ನೀಡಿದ ಮಕ್ಕಳ ವೈದ್ಯರು

ಶೈಶವದಲ್ಲಿ ಹಾಕಿಸುವ ಲಸಿಕೆಗಳಿಂದ ಮಕ್ಕಳಿಗೆ ಮುಂದೆ ಅಸ್ತಮಾ ಅಥವಾ ಅಲರ್ಜಿ ಉಂಟಾಗಬಹುದೇ ಎಂಬ ಸಂದೇಹವು ಅನೇಕ ಪೋಷಕರಲ್ಲಿದೆ. ಅಲರ್ಜಿ ಎಂಬ ಪದವು ಹುಟ್ಟಿದ್ದೇ ಚುಚ್ಚುಮದ್ದು ಪಡೆದವರ ಅಧ್ಯಯನದಿಂದ. ಆದ್ದರಿಂದ ಆ ಪದವನ್ನು ನೀಡಿದ ವೈದ್ಯರ ಜೀವನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಪಿರ್ಕೆ ಅವರು 1874ರ ಮೇ 12ರಂದು ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪದ ಹಿರ್ಷ್‌ಸ್ಟೆಟನ್‌ನಲ್ಲಿ ಜನಿಸಿದರು. ಮೊದಲಿಗೆ ದೇವತಾಶಾಸ್ತ್ರ ಮತ್ತು ತತ್ತ್ವಶಾಸ್ತ್ರಗಳನ್ನು ವ್ಯಾಸಂಗ ಮಾಡಿ, ತರುವಾಯ ವೈದ್ಯಶಾಸ್ತ್ರವನ್ನು ಆರಿಸಿಕೊಂಡು, 1900ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅನಂತರ ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ಸೇವೆಗೆ ಸೇರಿದರು.

ಆ ಕಾಲದಲ್ಲಿ ಗಂಟಲುಮಾರಿ ರೋಗಕ್ಕೆ ತುತ್ತಾದ ಮಕ್ಕಳಿಗೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ ಅನ್ನು ಚುಚ್ಚುಮದ್ದಾಗಿ ನೀಡಲಾಗುತ್ತಿತ್ತು. ಇದರಿಂದ ಪ್ರಾಣ ಉಳಿಯುತ್ತಿತ್ತಾದರೂ, ಕೆಲವು ಮಕ್ಕಳಲ್ಲಿ ಒಂದೆರಡು ವಾರಗಳೊಳಗೆ ಜ್ವರ, ದದ್ದು, ಕೀಲುನೋವು ಕಾಣಿಸಿಕೊಳ್ಳುತ್ತಿದ್ದವು. ಎರಡನೆಯ ಬಾರಿ ಸೀರಂ ನೀಡಿದಾಗ ಇವು ಇನ್ನೂ ಬೇಗನೆ ತಲೆದೋರುತ್ತಿದ್ದವು. ಪಿರ್ಕೆ ಹಾಗೂ ಅವರ ಸಹೋದ್ಯೋಗಿ ಬೆಲಾ ಶಿಕ್ ಅವರು 1905ರಲ್ಲಿ ಈ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಸಿಡುಬಿನ ಲಸಿಕೆಯನ್ನು ಮತ್ತೊಮ್ಮೆ ಪಡೆದವರಲ್ಲಿಯೂ ದೇಹವು ಬೇಗನೆ ಪ್ರತಿಕ್ರಿಯಿಸುವುದನ್ನು ಪಿರ್ಕೆ ಗಮನಿಸಿದರು. ಹೊರಗಿನ ವಸ್ತುವಿನ ಪರಿಚಯವಾದ ಬಳಿಕ ದೇಹವು ಪ್ರತಿಕ್ರಿಯಿಸುವ ರೀತಿಯೇ ಬದಲಾಗುತ್ತದೆ, ಈ ಬದಲಾವಣೆಯು ರಕ್ಷಣೆಯನ್ನೂ ನೀಡಬಹುದು, ತೊಂದರೆಯನ್ನೂ ಉಂಟುಮಾಡಬಹುದು ಎಂಬುದು ಅವರ ನಿರ್ಣಯವಾಗಿತ್ತು. ಇದಕ್ಕೆ 1906ರಲ್ಲಿ ಅವರು ಗ್ರೀಕ್ ಮೂಲದಿಂದ ಅಲರ್ಜಿ ಎಂಬ ಹೆಸರನ್ನು ರೂಪಿಸಿದರು. ಕಾಲಕ್ರಮೇಣ ಈ ಪದವು ತೊಂದರೆಯ ಅರ್ಥದಲ್ಲಿ ಮಾತ್ರ ಬಳಕೆಯಲ್ಲಿ ಉಳಿಯಿತು.

1907ರಲ್ಲಿ ಅವರು ಕ್ಷಯರೋಗದ ಸೋಂಕನ್ನು ಪತ್ತೆಹಚ್ಚುವ ಚರ್ಮಪರೀಕ್ಷೆಯನ್ನು ಪರಿಚಯಿಸಿದರು. 1911ರಲ್ಲಿ ವಿಯೆನ್ನಾದ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಮೊದಲನೆಯ ಮಹಾಯುದ್ಧದ ನಂತರ, ಹಸಿವಿನಿಂದ ಬಳಲುತ್ತಿದ್ದ ಆಸ್ಟ್ರಿಯಾದ ಮಕ್ಕಳಿಗೆ ಅಮೆರಿಕದ ನೆರವಿನಿಂದ ಆಹಾರ ಒದಗಿಸುವ ಕಾರ್ಯದ ನೇತೃತ್ವ ವಹಿಸಿದರು. 1929ರ ಫೆಬ್ರವರಿ 28ರಂದು ನಿಧನರಾದರು.

ಪಿರ್ಕೆ ಅವರು ಕಂಡ ತೊಂದರೆಯು ಕುದುರೆಯ ಸೀರಂನಿಂದ ಉಂಟಾದ ತಾತ್ಕಾಲಿಕ ಕಾಯಿಲೆಯೇ ಹೊರತು ಅಸ್ತಮಾ ಅಲ್ಲ. ಇಂದು ಮಕ್ಕಳಿಗೆ ಹಾಕುವ ಲಸಿಕೆಗಳು ಅಂತಹ ಸೀರಂ ಅಲ್ಲವೆಂಬುದನ್ನು ಗಮನಿಸಬೇಕು. ಡೆನ್ಮಾರ್ಕಿನಲ್ಲಿ 1997ರಿಂದ 2018ರವರೆಗೆ ಜನಿಸಿದ ಸುಮಾರು 12 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ, 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಯೂಮಿನಿಯಂ ಲವಣವುಳ್ಳ ಲಸಿಕೆಗಳಿಂದ ಅಸ್ತಮಾ ಅಥವಾ ಅಲರ್ಜಿ ಹೆಚ್ಚಿದ್ದು ಕಂಡುಬಂದಿಲ್ಲ.

ಲಸಿಕೆ ಪಡೆದ ಕೂಡಲೇ ತೀವ್ರ ಅಲರ್ಜಿ ಉಂಟಾಗುವುದು ಅತಿ ವಿರಳ. ಆದಾಗ್ಯೂ ಮುನ್ನೆಚ್ಚರಿಕೆಯಾಗಿ, ಲಸಿಕೆ ಹಾಕಿಸಿದ ನಂತರ ಅರ್ಧ ಗಂಟೆ ಕಾಲ ಲಸಿಕಾ ಕೇಂದ್ರದಲ್ಲಿಯೇ ಇರತಕ್ಕದ್ದು. ಹಿಂದಿನ ಲಸಿಕೆಯಿಂದ ಮಗುವಿಗೆ ತೊಂದರೆಯಾಗಿದ್ದಲ್ಲಿ ಆರೋಗ್ಯ ಸಿಬ್ಬಂದಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಮಗುವಿಗೆ ಅಸ್ತಮಾ ಇದೆಯೆಂಬ ಕಾರಣಕ್ಕೆ ಲಸಿಕೆಯನ್ನು ತಪ್ಪಿಸುವ ಅಗತ್ಯವಿರುವುದಿಲ್ಲ.