ಟಿಪ್ಪರರಿಯಿಂದ ತಿಪ್ಪಾರಳ್ಳಿಗೆ: ಟಿ.ಪಿ. ಕೈಲಾಸಂ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ರೈಲು ನಿಲ್ಲುವ ಊರುಗಳು. ನಮ್ಮ ಹಿರಿಯರ ಬಾಯಲ್ಲಿ ಸ್ಟೇಷನ್ ಎಂದರೆ ಟೇಸನ್ನು, ಆಫೀಸ್ ಎಂದರೆ ಆಪೀಸು. ಈ ಸೀಮೆಯಲ್ಲಿ ಇಂಗ್ಲಿಷ್ ಪಾಠ ಹೇಳಿದ ನನಗೆ ಉಚ್ಚಾರಣೆಯ ಮಾತು ಬಂದಾಗಲೆಲ್ಲ ಕೈಲಾಸಂ ನೆನಪಾಗುತ್ತಾರೆ.

ಕೈಲಾಸಂ ಹುಟ್ಟಿದ್ದು 1884ರಲ್ಲಿ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು, ಮನೆಮಾತು ತಮಿಳು. ಮದರಾಸಿನಲ್ಲಿ ಭೂವಿಜ್ಞಾನ ಓದಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋದರು. ಓದಿನ ಜೊತೆಗೆ ಅಲ್ಲಿನ ರಂಗಭೂಮಿಯನ್ನೂ ಕಣ್ತುಂಬ ನೋಡಿದರು. ಹಿಂದಿರುಗಿ ಭೂವಿಜ್ಞಾನ ಇಲಾಖೆ ಸೇರಿದರೂ ಆ ಕೆಲಸದಲ್ಲಿ ಬಹುಕಾಲ ನಿಲ್ಲಲಿಲ್ಲ. ಬಾಳನ್ನು ನಾಟಕಕ್ಕೆ ಒಪ್ಪಿಸಿದರು.

ಇಂಗ್ಲಿಷಿನಲ್ಲಿಯೇ ನಾಟಕ ಬರೆಯಬಲ್ಲ ವಿದ್ವಾಂಸರು ಅವರು. ಆದರೂ ಕನ್ನಡದ ರಂಗಕ್ಕೆ ಗ್ರಂಥಭಾಷೆಯನ್ನು ತರದೆ, ಬೆಂಗಳೂರು ಮೈಸೂರಿನ ಮನೆಗಳಲ್ಲಿ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನೇ ತಂದರು. ಅರ್ಧ ಕಲಿತ ಇಂಗ್ಲಿಷಿನ ಜಂಬವನ್ನು ನಗೆಯಾಡಿದರೇ ಹೊರತು ಕಲಿಯುವವನನ್ನು ಹೀಯಾಳಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ಟಿಪ್ಪರರಿ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯಾಯಿತು. ‘ಕೋಳೀಕೆ ರಂಗ’ದಲ್ಲಿ ಹಳ್ಳಿಗನೊಬ್ಬ ಇಂಗ್ಲಿಷ್ ಸ್ಪೆಲ್ಲಿಂಗಿನ ಧಾಟಿಯಲ್ಲೇ ತನ್ನ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುತ್ತಾನೆ.

ಟೇಸನ್ನಿಗೂ ಕಾರಣವಿದೆ. ನಮ್ಮ ಮಾತಿನ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದಲೇ ಬಸ್ ಬಸ್ಸಾಯಿತು, ಪೆನ್ ಪೆನ್ನಾಯಿತು. ಪದದ ಮೊದಲಲ್ಲೇ ಒತ್ತಕ್ಷರ ಬಂದರೆ ಹಳ್ಳಿಯ ನಾಲಿಗೆ ಅದನ್ನು ಸಡಿಲಿಸುತ್ತದೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮಲ್ಲಿರುವುದು ಒಂದೇ ವ. ವೆಸ್ಟ್ ಎಂದರೆ ಪಶ್ಚಿಮವೋ ಒಳಅಂಗಿಯೋ ತಿಳಿಯದು. ಮೊದಲನೆಯದಕ್ಕೆ ತುಟಿ ದುಂಡಾಗಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇಷ್ಟನ್ನು ಕನ್ನಡಿ ಹಿಡಿದು ತೋರಿಸಿದರೆ ಮಕ್ಕಳು ವಾರದಲ್ಲಿ ಕಲಿಯುತ್ತಾರೆ. ನಕ್ಕರೆ ಮಾತ್ರ ಬಾಯಿ ಮುಚ್ಚುತ್ತಾರೆ. ಹಾಗೆ ಬಾಯಿ ಮುಚ್ಚಿದ ಹುಡುಗಿ ಮುಂದೆ ಸಂದರ್ಶನದಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನಿರುವುದನ್ನು ನಾನು ಕಂಡಿದ್ದೇನೆ.

‘ಟೊಳ್ಳುಗಟ್ಟಿ’ ನಾಟಕದಲ್ಲಿ ಕೈಲಾಸಂ ಕೇಳಿದ್ದೂ ಇದನ್ನೇ: ಪರೀಕ್ಷೆಯ ಅಂಕ ಗಟ್ಟಿಯೋ, ಮನುಷ್ಯನ ಗುಣ ಗಟ್ಟಿಯೋ? 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರು ಮರುವರ್ಷ ತೀರಿಕೊಂಡರು.

ಐವತ್ತು ತುಂಬಿದ ನಮ್ಮ ಶಾಲೆಯಲ್ಲಿ ಇನ್ನು ಮುಂದೆಯೂ ಮಕ್ಕಳು ತಪ್ಪಾದರೂ ಗಟ್ಟಿಯಾಗಿ ಮಾತನಾಡಲಿ. ತಿದ್ದುವವರು ಪ್ರೀತಿಯಿಂದ ತಿದ್ದಲಿ. ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳು ಅಜ್ಜಿಯ ಟೇಸನ್ನನ್ನು ಮಾತ್ರ ತಿದ್ದದಿರಲಿ. ಅದು ಕನ್ನಡವೇ ಆಗಿಹೋಗಿದೆ.