ಹೊಳೆಮೀನಿಗೆ ಮಾನ ತಂದ ವೈದ್ಯ ಹೆನ್ಶಾಲ್

ವೃತ್ತಿಯಿಂದ ವೈದ್ಯರು, ಆದರೆ ಹೆಸರು ಗಳಿಸಿದ್ದು ಒಂದು ಮೀನಿನಿಂದ. ಅಮೆರಿಕದ ಡಾ. ಜೇಮ್ಸ್ ಅಲೆಕ್ಸಾಂಡರ್ ಹೆನ್ಶಾಲ್ ಅವರನ್ನು ಅಲ್ಲಿನ ಗಾಳ ಪ್ರಿಯರು ಇಂದಿಗೂ ಗುರುವಿನಂತೆ ನೆನೆಯುತ್ತಾರೆ.

ಆ ಮೀನು ಬ್ಲ್ಯಾಕ್ ಬಾಸ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಲಾರ್ಜ್‌ಮೌತ್ ಕೆರೆ, ಜೌಗುಗಳ ನಿಂತ ನೀರನ್ನು ಬಯಸಿದರೆ, ಸ್ಮಾಲ್‌ಮೌತ್‌ಗೆ ಬೇಕಾದುದು ಕಲ್ಲುಗಳ ನಡುವೆ ಹರಿಯುವ ತಿಳಿನೀರಿನ ಹೊಳೆ. ಸಣ್ಣ ಹೊಳೆಗಳಲ್ಲಿ ಅದು ಒಂದು ಕಿಲೋ ತೂಗಿದರೆ ದೊಡ್ಡ ಮೀನೇ ಸರಿ. ಆದರೆ ಗಾಳಕ್ಕೆ ಸಿಕ್ಕೊಡನೆ ನೀರಿನಿಂದ ಚಿಮ್ಮಿ, ಕಡೆಯ ಉಸಿರಿನವರೆಗೂ ಸೆಣಸುವುದು ಅದರ ಗುಣ.

ಹೆನ್ಶಾಲ್ ಹುಟ್ಟಿದ್ದು 1836ರ ಫೆಬ್ರವರಿ 29ರಂದು, ಬಾಲ್ಟಿಮೋರ್ ನಗರದಲ್ಲಿ. ಎಳೆಯ ಹರೆಯದಲ್ಲೇ ಸಿನ್ಸಿನಾಟಿಗೆ ಬಂದು ವೈದ್ಯ ಶಿಕ್ಷಣ ಪಡೆದರು. ಮುಂದೆ ವಿಸ್ಕಾನ್ಸಿನ್‌ನ ಸರೋವರಗಳ ನಡುವಣ ಒಕೊನೊಮೊವಾಕ್‌ನಲ್ಲಿ, ಬಳಿಕ ಕೆಂಟಕಿಯ ಲಿಕಿಂಗ್ ನದಿ ದಂಡೆಯ ಸಿಂಥಿಯಾನಾ ಪಟ್ಟಣದಲ್ಲಿ ನೆಲೆಸಿದರು. ನದಿಯನ್ನು ಅವರು ನೋಡಿದ್ದೂ ವೈದ್ಯನ ಕಣ್ಣಿನಿಂದಲೇ.

ಆ ಕಾಲದಲ್ಲಿ ಸುಶಿಕ್ಷಿತರು ಇಂಗ್ಲೆಂಡಿನ ಪುಸ್ತಕಗಳನ್ನು ಓದಿ ಗಾಳ ಹಿಡಿಯುತ್ತಿದ್ದರು. ಅವರ ಪಾಲಿಗೆ ಟ್ರೌಟ್ ಮತ್ತು ಸಾಲ್ಮನ್ ಮಾತ್ರ ಕುಲೀನ ಮೀನುಗಳು. ಊರ ಹೊಳೆಯ ಬಾಸ್ ಹಳ್ಳಿಗರ ಮೀನು. 1881ರಲ್ಲಿ ಪ್ರಕಟವಾದ ಹೆನ್ಶಾಲ್ ಅವರ ಬ್ಲ್ಯಾಕ್ ಬಾಸ್ ಗ್ರಂಥ ಈ ಮೇಲುಕೀಳಿನ ಎಣಿಕೆಯನ್ನು ನೇರವಾಗಿ ಪ್ರಶ್ನಿಸಿತು. ತೂಕಕ್ಕೆ ತೂಕ ಹೋಲಿಸಿದರೆ ಕೆಚ್ಚಿನಲ್ಲಿ ಬಾಸ್‌ಗೆ ಸಮನಾದ ಮೀನಿಲ್ಲ ಎಂಬುದು ಅವರ ವಾದ. ಉದ್ದನೆಯ ಕೋಲುಗಳ ಬದಲು ಎಂಟೂಕಾಲು ಅಡಿಯ ಹಗುರ ಕೋಲನ್ನು ಅವರು ಬಳಕೆಗೆ ತಂದರು.

ಹೆಸರುಗಳ ಗೋಜಲನ್ನು ಬಿಡಿಸುವ ಯತ್ನವೂ ಆ ಗ್ರಂಥದಲ್ಲಿದೆ. 1802ರಲ್ಲಿ ಫ್ರಾನ್ಸಿನ ಲಾಸೆಪೆಡ್ ಈ ಮೀನಿಗೆ ಮೈಕ್ರಾಪ್ಟೆರಸ್, ಅಂದರೆ ಕಿರುರೆಕ್ಕೆಯದು, ಎಂದು ಹೆಸರಿಟ್ಟಿದ್ದರು. ಅವರ ಕೈಸೇರಿದ್ದು ಬೆನ್ನಿನ ರೆಕ್ಕೆ ಮುರಿದಿದ್ದ ಮೀನು. ಊನವಾದ ಒಂದೇ ಮೀನಿನಿಂದ ಇಡೀ ಕುಲಕ್ಕೆ ಅಂಟಿದ ಆ ಹೆಸರು ಇಂದಿಗೂ ಉಳಿದಿದೆ.

ಚಳಿಗಾಲದ ಗುಟ್ಟು

ಚಳಿಗಾಲದಲ್ಲಿ ಬಾಸ್ ಎಲ್ಲಿಗೆ ಹೋಗುತ್ತದೆ ಎಂಬುದು ಗಾಳಗಾರರನ್ನು ಬಹುಕಾಲ ಕಾಡಿದ ಪ್ರಶ್ನೆ. ಉತ್ತರದ ತಣ್ಣೀರಿನಲ್ಲಿ ಅದು ದೀರ್ಘನಿದ್ರೆಗೆ ಜಾರುತ್ತದೆ, ದಕ್ಷಿಣದಲ್ಲಿ ವರ್ಷವಿಡೀ ಚುರುಕಾಗಿರುತ್ತದೆ ಎಂದು ಹೆನ್ಶಾಲ್ ತಿಳಿದಿದ್ದರು. ಫ್ಲಾರಿಡಾದಲ್ಲಿ ಎರಡು ಚಳಿಗಾಲ ದೋಣಿಯಲ್ಲಿ ಸುತ್ತಾಡಿದ ಅನುಭವವನ್ನು 1884ರಲ್ಲಿ ಪುಸ್ತಕವಾಗಿಯೂ ಬರೆದರು.

ನಂತರದ ಅಧ್ಯಯನಗಳು ಅವರ ಮಾತನ್ನು ತುಸು ತಿದ್ದಿವೆ. ನೀರಿನ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸ್ಮಾಲ್‌ಮೌತ್ ಪೂರ್ತಿ ನಿದ್ರಿಸುವುದಿಲ್ಲ, ಮಂಕಾಗುತ್ತದೆ. ಅದರದು ಶೀತರಕ್ತ, ನೀರು ತಣಿದಂತೆ ಮೈಯೂ ತಣಿದು ಜೀರ್ಣಕ್ರಿಯೆ ಕುಂದುತ್ತದೆ. ಸೆಳವಿನಲ್ಲಿ ಶಕ್ತಿ ಕಳೆಯಲಾರದೆ ಅದು ಆಳದ ಮಡುಗಳಿಗೆ, ಬಂಡೆಗಳ ಸಂದಿಗೆ ಸರಿಯುತ್ತದೆ. ಹೀಗಾಗಿ ಚಳಿಗಾಲದ ಬೇಟೆ ತಾಳ್ಮೆಯ ಕೆಲಸ. ಬಿಸಿಲಿಗೆ ನೀರು ತುಸು ಬೆಚ್ಚಗಾದ ಮಧ್ಯಾಹ್ನದ ಹೊತ್ತು, ಮಡುವಿನ ತಳದಲ್ಲಿ, ಸಣ್ಣ ಎರೆಯನ್ನು ಬಲು ನಿಧಾನವಾಗಿ ಆಡಿಸಬೇಕು. ಮೀನು ಕಚ್ಚಿದ್ದು ದಾರ ತುಸು ಭಾರವಾದಷ್ಟೇ ತಿಳಿಯುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಹೊಳೆಯ ಉದ್ದಕ್ಕೂ ಹರಡಿದ್ದ ಮೀನುಗಳು ಒಂದೇ ಮಡುವಿನಲ್ಲಿ ನೆರೆದಾಗ ಕೆಲವೇ ದಿನಗಳ ದುರಾಸೆ ಆ ಹೊಳೆಯನ್ನೇ ಬರಿದಾಗಿಸಬಲ್ಲದು. ಬಲ್ಲವರು ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುತ್ತಾರೆ.

ಕೀರ್ತಿಯ ಮತ್ತೊಂದು ಮುಖ

1893ರ ಷಿಕಾಗೊ ವಿಶ್ವಮೇಳದಲ್ಲಿ ಗಾಳಗಾರಿಕೆಯ ಪ್ರದರ್ಶನದ ಹೊಣೆ ಹೆನ್ಶಾಲ್ ಅವರದಾಗಿತ್ತು. ಸ್ವಾಮಿ ವಿವೇಕಾನಂದರು ಅದೇ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದೂ ಆ ವರ್ಷವೇ. ಮುಂದೆ ಹೆನ್ಶಾಲ್ ಮೊಂಟಾನಾದ ಬೋಜ್ಮನ್‌ನ ಸರ್ಕಾರಿ ಮೀನುಮರಿ ಕೇಂದ್ರದ ಮುಖ್ಯಸ್ಥರಾದರು. ಆ ಸೀಮೆಯ ಸ್ವಂತ ಮೀನಾದ ಗ್ರೇಲಿಂಗ್‌ನ ಮರಿಗಳನ್ನು ಅಲ್ಲಿ ಬೆಳೆಸಿದರು. ಆಮೇಲೆ ಮಿಸಿಸಿಪಿಯ ಟುಪೆಲೊ ಕೇಂದ್ರದಲ್ಲಿಯೂ ದುಡಿದರು.

ಇತ್ತ ಬಾಸ್‌ನ ಕೀರ್ತಿ ಅದನ್ನು ತವರಿನಿಂದ ಬಹುದೂರ ಒಯ್ದಿತು. 1854ರಷ್ಟು ಹಿಂದೆಯೇ ಉಗಿಬಂಡಿಯ ನೀರಿನ ತೊಟ್ಟಿಯಲ್ಲಿಟ್ಟು ಅದನ್ನು ಪೊಟೊಮ್ಯಾಕ್ ನದಿಯ ಸೀಮೆಗೆ ಸಾಗಿಸಿದ್ದರು. ಮುಂದೆ ಅದು ಸಾಗರವನ್ನೂ ದಾಟಿತು. ಹೋದ ಹಲವೆಡೆ ಸ್ಥಳೀಯ ಮೀನುಗಳನ್ನು ತಿಂದುಹಾಕಿತು. ದಕ್ಷಿಣ ಆಫ್ರಿಕದ ರೊಂಡೆಗಾಟ್ ಹೊಳೆಯಲ್ಲಿ 2012ರಲ್ಲಿ ವಿಷ ಬಳಸಿ ಸ್ಮಾಲ್‌ಮೌತ್ ಅನ್ನು ನಿರ್ಮೂಲಗೊಳಿಸಬೇಕಾಯಿತು. ಬಳಿಕವಷ್ಟೇ ಅಲ್ಲಿನ ಮೂಲ ಮೀನುಗಳು ಮರಳಿದವು.

ಹೆನ್ಶಾಲ್ ತಮ್ಮ 89ನೆಯ ವಯಸ್ಸಿನಲ್ಲಿ, 1925ರಲ್ಲಿ, ತೀರಿಕೊಂಡರು. ಊರ ಹೊಳೆಯ ಮೀನನ್ನು ಕಡೆಗಣಿಸಬೇಡಿ ಎಂದು ಅವರು ತಮ್ಮ ದೇಶದವರಿಗೆ ಕಲಿಸಿದರು. ಆ ಪಾಠ ಪ್ರತಿ ಹೊಳೆಯ ಸ್ವಂತ ಮೀನಿಗೂ ಸಲ್ಲುತ್ತದೆ ಎಂಬುದು ಜನರಿಗೆ ಅರಿವಾದದ್ದು ತಡವಾಗಿ.